ವಿಷಯದ ಆಯ್ಕೆ ಎಂಬ ಮೊದಲ ಪಾಠ: ಮನಶ್ಶಾಸ್ತ್ರದ ಇತಿಹಾಸ ಮತ್ತು ಸಹಯೋಗದ ವಿಶ್ವಕೋಶ

1

ಆಂತರಿಕ ಮೌಲ್ಯಮಾಪನಕ್ಕಾಗಿ ವಿಶ್ವವಿದ್ಯಾನಿಲಯಗಳ ತರಗತಿಗಳಲ್ಲಿ ಬರೆಸುವ ನಿಯೋಜಿತ ಬರಹಗಳಿಗೆ ಸಾಮಾನ್ಯವಾಗಿ ಇರುವುದು ಒಬ್ಬನೇ ಓದುಗ. ಅಂಕ ಕೊಡುವ ಅಧ್ಯಾಪಕ. ಅಂಕಗಳು ದಾಖಲಾದ ಕೂಡಲೇ ಬರಹದ ಆಯುಷ್ಯವೂ ಮುಗಿಯುತ್ತದೆ. ವಿಭಾಗದ ಕಪಾಟಿನಲ್ಲಿ ಒಂದೆರಡು ವರ್ಷ ಉಳಿದು, ನಂತರ ಹಳೆಯ ಕಾಗದದ ಜೊತೆ ಹೊರಬೀಳುವ ಈ ಬರಹಗಳಲ್ಲಿ ವಿದ್ಯಾರ್ಥಿಯ ಎಷ್ಟೋ ದಿನಗಳ ಶ್ರಮ ಅಡಗಿರುತ್ತದೆ. ಆ ಶ್ರಮ ಸಾರ್ವಜನಿಕ ತಿಳಿವಳಿಕೆಗೆ ಸಲ್ಲಬೇಕೆಂಬ ಆಲೋಚನೆಯಿಂದ ಹುಟ್ಟಿದ್ದು ಸಹಯೋಗದ ವಿಶ್ವಕೋಶಕ್ಕೆ ವಿದ್ಯಾರ್ಥಿಗಳಿಂದ ಲೇಖನ ಬರೆಸುವ ಪದ್ಧತಿ. ವಿಕಿಪೀಡಿಯ 2001ರ ಜನವರಿಯಲ್ಲಿ ಇಂಗ್ಲಿಷಿನಲ್ಲಿ ಆರಂಭವಾಯಿತು. ಅದರ ಕನ್ನಡ ಆವೃತ್ತಿ 2003ರಲ್ಲಿ ತಲೆಯೆತ್ತಿತು. ಹಲವು ದೇಶಗಳ ಕಾಲೇಜುಗಳು ಇಂದು ಇದನ್ನು ಪಠ್ಯಕ್ರಮದೊಳಗೆ ತಂದಿವೆ.

ಈ ಪ್ರಯೋಗದಲ್ಲಿ ಮನಶ್ಶಾಸ್ತ್ರಕ್ಕೆ ವಿಶೇಷವಾದ ಸ್ಥಾನವಿದೆ. ಅಮೆರಿಕದ ಮನೋವಿಜ್ಞಾನಿಗಳ ಸಂಘಗಳಲ್ಲೊಂದಾದ ಅಸೋಸಿಯೇಷನ್ ಫಾರ್ ಸೈಕಲಾಜಿಕಲ್ ಸೈನ್ಸ್ 2011ರಲ್ಲಿ ತನ್ನ ಸದಸ್ಯರಿಗೆ ಒಂದು ಕರೆ ಕೊಟ್ಟಿತು. ವಿಕಿಪೀಡಿಯದಲ್ಲಿರುವ ತಮ್ಮ ಶಾಸ್ತ್ರದ ಲೇಖನಗಳನ್ನು ಅವರು ತಿದ್ದಬೇಕು, ಬೆಳೆಸಬೇಕು, ತಮ್ಮ ವಿದ್ಯಾರ್ಥಿಗಳನ್ನೂ ಆ ಕೆಲಸಕ್ಕೆ ತೊಡಗಿಸಬೇಕು ಎಂಬುದು ಅದರ ಸಾರ. ಆಗ ಅದರ ಅಧ್ಯಕ್ಷರಾಗಿದ್ದ ಮಹಜರೀನ್ ಬಾನಾಜಿ ಸಿಕಂದರಾಬಾದಿನಲ್ಲಿ ಹುಟ್ಟಿ ಬೆಳೆದವರು. ಮನಶ್ಶಾಸ್ತ್ರದ ಇತಿಹಾಸವನ್ನು ಬೋಧಿಸುವ ತರಗತಿಗಳಿಗೆ ಈ ಕರೆ ಸಹಜವಾಗಿಯೇ ಹೊಂದಿಕೊಂಡಿತು. ಪ್ರಯೋಗಾಲಯ ಬೇಡದ, ಗ್ರಂಥಾಲಯವೊಂದಿದ್ದರೆ ನಡೆಯುವ ವಿಷಯವದು.

ಇಂತಹ ಬರವಣಿಗೆಯನ್ನು ಕುರಿತ ಚರ್ಚೆಗಳು ಹೆಚ್ಚಾಗಿ ನಡೆಯುವುದು ಆಕರಗಳ ಉಲ್ಲೇಖ, ಕೃತಿಚೌರ್ಯ, ಭಾಷೆಯ ಗುಣಮಟ್ಟ ಇವುಗಳ ಸುತ್ತ. ಇವೆಲ್ಲಕ್ಕಿಂತ ಮೊದಲೇ ಎದುರಾಗುವ ಒಂದು ಪ್ರಶ್ನೆಗೆ ಮಾತ್ರ ಸಿಗಬೇಕಾದ ಗಮನ ಸಿಕ್ಕಿಲ್ಲ. ವಿದ್ಯಾರ್ಥಿ ಯಾವ ವಿಷಯವನ್ನು ಆರಿಸಿಕೊಳ್ಳಬೇಕು? ಹಾಜರಿಪಟ್ಟಿಯ ಕ್ರಮದಲ್ಲಿ ಅಧ್ಯಾಪಕರು ವಿಷಯಗಳನ್ನು ಹಂಚಿಬಿಡುವುದು, ಇಲ್ಲವೇ ವಿದ್ಯಾರ್ಥಿಗಳು ತಮಗೆ ತೋಚಿದ್ದನ್ನು ಒಂದೇ ದಿನದಲ್ಲಿ ಬರೆದುಕೊಡುವುದು ರೂಢಿಯಲ್ಲಿರುವ ಕ್ರಮ. ಆಯ್ಕೆಯನ್ನು ಹೀಗೆ ಔಪಚಾರಿಕ ವಿಧಿಯಾಗಿ ಮುಗಿಸಿದರೆ ಅಭ್ಯಾಸದ ಅರ್ಧ ಪ್ರಯೋಜನ ಅಲ್ಲಿಯೇ ಕಳೆದುಹೋಗುತ್ತದೆ. ವಿಷಯದ ಆಯ್ಕೆಯೇ ಸಂಶೋಧನೆಯ ಮೊದಲ ಪಾಠ. ಅಷ್ಟೇ ಅಲ್ಲ, ಒಂದು ಭಾಷೆಯ ಜ್ಞಾನಭಂಡಾರದಲ್ಲಿ ಏನಿದೆ, ಏನಿಲ್ಲ ಎಂಬುದನ್ನು ಮೊತ್ತಮೊದಲು ತೋರಿಸಿಕೊಡುವುದೂ ಅದೇ. ಮನಶ್ಶಾಸ್ತ್ರ ವಿಭಾಗಗಳಿಗೆ ಸೇರಿದ ಸಂಗತಿಯಂತೆ ಕಾಣುವ ಈ ವಿಚಾರ ಕನ್ನಡ ವಿಭಾಗಗಳ ಬಾಗಿಲಿಗೂ ಬಂದು ನಿಲ್ಲುವುದು ಈ ಕಾರಣದಿಂದ.

2

ಕನ್ನಡಕ್ಕೆ ವಿಶ್ವಕೋಶದ ಪರಂಪರೆ ಹೊಸದಲ್ಲ. ಶಿವರಾಮ ಕಾರಂತರು 1936ರಲ್ಲಿ ಮೂರು ಸಂಪುಟಗಳ 'ಬಾಲ ಪ್ರಪಂಚ'ವನ್ನು ಹೊರತಂದರು. ಎರಡು ದಶಕಗಳ ಬಳಿಕ ನಾಲ್ಕು ಸಂಪುಟಗಳ 'ವಿಜ್ಞಾನ ಪ್ರಪಂಚ'ವನ್ನು ರಚಿಸಿದರು. ಅಲ್ಲಿ ಏನು ಬರಬೇಕು, ಏನು ಬಿಡಬೇಕು ಎಂಬುದನ್ನು ನಿರ್ಧರಿಸಿದ್ದು ಒಬ್ಬರ ಅಭಿರುಚಿ ಮತ್ತು ಸಾಹಸ. 1969ರಲ್ಲಿ ಮೊದಲ ಸಂಪುಟ ಕಂಡು ಒಟ್ಟು 14 ಸಂಪುಟಗಳಾಗಿ ಬೆಳೆದ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದಲ್ಲಿ ಆ ಅಧಿಕಾರ ಸಂಪಾದಕ ಮಂಡಳಿಯದಾಯಿತು. ಶೀರ್ಷಿಕೆಗಳ ಪಟ್ಟಿಯನ್ನು ಸಿದ್ಧಪಡಿಸಿ, ವಿಷಯತಜ್ಞರಿಗೆ ಹಂಚಿ, ಬಂದ ಲೇಖನಗಳನ್ನು ಪರಿಷ್ಕರಿಸುವ ಸಾಂಸ್ಥಿಕ ವ್ಯವಸ್ಥೆ ಅದು. ಸಹಯೋಗದ ವಿಶ್ವಕೋಶದಲ್ಲಿ ಇಂತಹ ಮಂಡಳಿಯಿಲ್ಲ. ಬರೆಯುವವರೇ ಶೀರ್ಷಿಕೆಯನ್ನೂ ಆರಿಸಬೇಕು. ಹೀಗಾಗಿ ವಿಷಯವನ್ನು ಆರಿಸಿಕೊಳ್ಳಲು ಕುಳಿತ ಪದವಿ ತರಗತಿಯ ವಿದ್ಯಾರ್ಥಿ ತನಗೆ ಅರಿವಿಲ್ಲದೆಯೇ ಸಂಪಾದಕನ ಪೀಠದಲ್ಲಿ ಕುಳಿತಿರುತ್ತಾನೆ. ಯಾವುದು ಜ್ಞಾನವೆನಿಸಿಕೊಳ್ಳಬೇಕು, ಯಾವುದು ದಾಖಲಾಗಬೇಕು ಎಂಬ ತೀರ್ಮಾನದಲ್ಲಿ ಆತ ಪಾಲುದಾರ.

ಈ ಪೀಠಕ್ಕೂ ಕಟ್ಟುಪಾಡುಗಳಿವೆ. ವಿಕಿಪೀಡಿಯದ ಮೂಲನಿಯಮಗಳು ಮೂರು. ಲೇಖನ ಪಕ್ಷಪಾತವಿಲ್ಲದ ನಿಲುವಿನಿಂದ ಕೂಡಿರಬೇಕು. ಅದರಲ್ಲಿನ ಮಾಹಿತಿಯನ್ನು ಪ್ರಕಟಿತ ಆಕರಗಳಲ್ಲಿ ಯಾರು ಬೇಕಾದರೂ ಪರಿಶೀಲಿಸುವಂತಿರಬೇಕು. ಬೇರೆಲ್ಲೂ ಪ್ರಕಟವಾಗದ ಸ್ವಂತ ಸಂಶೋಧನೆಯನ್ನು ಅಲ್ಲಿ ಮೊದಲ ಬಾರಿಗೆ ಮಂಡಿಸಕೂಡದು. ಇವುಗಳ ಜೊತೆಗೆ ಗಮನಾರ್ಹತೆಯ ನಿಯಮವೊಂದಿದೆ. ಒಬ್ಬ ವ್ಯಕ್ತಿಯ ಅಥವಾ ಒಂದು ಸಂಸ್ಥೆಯ ಕುರಿತು, ಅದಕ್ಕೆ ಸಂಬಂಧಿಸದ ಸ್ವತಂತ್ರ ಲೇಖಕರು ಸಾಕಷ್ಟು ವಿವರವಾಗಿ ಬರೆದಿದ್ದರೆ ಮಾತ್ರ ಅದು ಪ್ರತ್ಯೇಕ ಲೇಖನಕ್ಕೆ ಅರ್ಹ. ಆಕರಗಳು ಇಂಗ್ಲಿಷಿನಲ್ಲಿಯೇ ಇರಬೇಕೆಂಬ ನಿಯಮವಿಲ್ಲ. ಕನ್ನಡದ ಪುಸ್ತಕಗಳೂ ಪತ್ರಿಕೆಗಳೂ ಸಲ್ಲುತ್ತವೆ. ಆದರೆ ಅವು ಪ್ರಕಟವಾಗಿರಬೇಕು. ಈ ಕೊನೆಯ ಮಾತಿನಲ್ಲಿಯೇ ಕನ್ನಡದ ತೊಡಕೂ ಅಡಗಿದೆ.

3

ಮನಶ್ಶಾಸ್ತ್ರದ ಇತಿಹಾಸದಿಂದ ಒಂದು ವಿಷಯ ಆರಿಸಿಕೊಳ್ಳಿ ಎಂದಾಗ ವಿದ್ಯಾರ್ಥಿಗಳ ನಾಲಗೆಗೆ ಮೊದಲು ಬರುವ ಹೆಸರು ಫ್ರಾಯ್ಡ್. ಬಳಿಕ ಪಾವ್ಲೊವ್, ಯೂಂಗ್, ಸ್ಕಿನ್ನರ್. ಪರಿಚಿತವಾದುದು ಸುಲಭವೆಂಬ ಭಾವನೆ ಇದಕ್ಕೆ ಕಾರಣ. ವಾಸ್ತವದಲ್ಲಿ ಅದು ಕಠಿಣ. ಇಂಗ್ಲಿಷಿನಲ್ಲಿ ಇಂತಹ ಲೇಖನಗಳನ್ನು ಎಷ್ಟೋ ಜನ ಎಷ್ಟೋ ವರ್ಷಗಳಿಂದ ತಿದ್ದಿದ್ದಾರೆ. ಹೊಸಬ ಸೇರಿಸುವ ಒಂದೆರಡು ವಾಕ್ಯಗಳು ಅಲ್ಲಿ ಅನಗತ್ಯವಾಗುತ್ತವೆ, ಇಲ್ಲವೇ ತಪ್ಪಾಗುತ್ತವೆ. ಎರಡೂ ಸಂದರ್ಭಗಳಲ್ಲಿ ಅವು ಅಳಿಸಿಹೋಗುತ್ತವೆ. 2013ರಲ್ಲಿ ಕೆನಡಾದ ಟೊರಾಂಟೊ ವಿಶ್ವವಿದ್ಯಾನಿಲಯದ ಪ್ರಾಥಮಿಕ ಮನಶ್ಶಾಸ್ತ್ರ ತರಗತಿಯ ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳು ಒಂದೇ ಅವಧಿಯಲ್ಲಿ ಲೇಖನಗಳಿಗೆ ಚಿಕ್ಕಪುಟ್ಟ ಸೇರ್ಪಡೆ ಮಾಡಲು ಹೊರಟಾಗ, ಅವುಗಳನ್ನು ಪರಿಶೀಲಿಸಿ ತಿದ್ದುವ ಹೊರೆ ತಮ್ಮ ಮೇಲೆ ಬಿತ್ತೆಂದು ಸ್ವಯಂಸೇವಕ ಸಂಪಾದಕರು ಆಕ್ಷೇಪಿಸಿದರು. ಅದಕ್ಕೂ ಮೊದಲು, 2011ರಲ್ಲಿ, ಪುಣೆಯ ಕೆಲವು ಕಾಲೇಜುಗಳಲ್ಲಿ ನಡೆದ ಇಂತಹ ಪ್ರಯೋಗ ಪುಸ್ತಕಗಳಿಂದಲೂ ಜಾಲತಾಣಗಳಿಂದಲೂ ನೇರವಾಗಿ ನಕಲು ಮಾಡಿದ ಬರಹಗಳ ದೆಸೆಯಿಂದ ಅರ್ಧದಲ್ಲಿಯೇ ನಿಂತಿತು. ಈ ವಿಫಲತೆಗಳನ್ನು ವಿದ್ಯಾರ್ಥಿಗಳ ಅಪ್ರಾಮಾಣಿಕತೆಗೆ ಮಾತ್ರ ಕಟ್ಟುವುದು ಸರಿಯಲ್ಲ. ತನಗೆ ಯಾವ ಸಂಬಂಧವೂ ಇಲ್ಲದ, ತಾನಾಗಿ ಆರಿಸಿಕೊಳ್ಳದ ವಿಷಯದ ಮೇಲೆ ಗಡುವಿನೊಳಗೆ ಬರೆಯಬೇಕಾದ ವಿದ್ಯಾರ್ಥಿ ನಕಲಿಗೆ ಇಳಿಯುವುದು ಅಸಹಜವೇನಲ್ಲ.

ಇದಕ್ಕೆ ಹೋಲಿಸಿದರೆ, ಯೋಚಿಸಿ ಆರಿಸಿಕೊಂಡ ವಿಷಯ ವಿದ್ಯಾರ್ಥಿಯನ್ನು ಎಷ್ಟು ದೂರ ಕೊಂಡೊಯ್ಯಬಲ್ಲದು ಎಂಬುದಕ್ಕೆ ಎರಡು ಉದಾಹರಣೆಗಳನ್ನು ನೋಡಬಹುದು.

ಮೊದಲನೆಯದು ಮೇರಿ ವಿಟನ್ ಕಾಲ್ಕಿನ್ಸ್ ಅವರ ಬದುಕು. 1863ರಲ್ಲಿ ಜನಿಸಿದ ಈಕೆ ಅಮೆರಿಕದ ವೆಲ್ಸ್ಲಿ ಮಹಿಳಾ ಕಾಲೇಜಿನಲ್ಲಿ ಗ್ರೀಕ್ ಕಲಿಸುತ್ತಿದ್ದರು. ಮನಶ್ಶಾಸ್ತ್ರವನ್ನು ಬೋಧಿಸಲು ಕಾಲೇಜು ಕೇಳಿಕೊಂಡಾಗ, ಅದನ್ನು ಕಲಿಯಲು 1890ರಲ್ಲಿ ಹಾರ್ವರ್ಡಿಗೆ ಹೋದರು. ಅಲ್ಲಿ ಹೆಂಗಸರಿಗೆ ವಿದ್ಯಾರ್ಥಿಯ ಸ್ಥಾನವಿರಲಿಲ್ಲ. ಅತಿಥಿಯಾಗಿ ಕುಳಿತು ಕೇಳುವ ಅವಕಾಶವಷ್ಟೇ ದೊರೆಯಿತು. ವಿಲಿಯಂ ಜೇಮ್ಸ್ ಅವರ ತರಗತಿಯಲ್ಲಿದ್ದ ಗಂಡಸರು ಬಿಟ್ಟುಹೋದುದರಿಂದ ಆಕೆಯೊಬ್ಬರೇ ಅವರ ಎದುರು ಕುಳಿತು ಪಾಠ ಕೇಳಿದರು. 1891ರಲ್ಲಿ ವೆಲ್ಸ್ಲಿಯಲ್ಲಿ ಮನಶ್ಶಾಸ್ತ್ರದ ಪ್ರಯೋಗಾಲಯವನ್ನು ಕಟ್ಟಿದರು. ಹ್ಯೂಗೊ ಮ್ಯೂನ್‌ಸ್ಟರ್‌ಬರ್ಗ್ ಅವರೊಡನೆ ಕೆಲಸಮಾಡಿ, ಬಣ್ಣ ಮತ್ತು ಅಂಕಿಗಳನ್ನು ಜೋಡಿಯಾಗಿ ತೋರಿಸಿ ನೆನಪನ್ನು ಅಳೆಯುವ ವಿಧಾನವನ್ನು ರೂಪಿಸಿದರು. 1895ರಲ್ಲಿ ಡಾಕ್ಟರೇಟ್ ಪರೀಕ್ಷೆಗೆ ಸಮನಾದ ಪರೀಕ್ಷೆಯಲ್ಲಿ ತೇರ್ಗಡೆಯಾದರೂ ಹೆಣ್ಣೆಂಬ ಕಾರಣಕ್ಕೆ ಹಾರ್ವರ್ಡ್ ಪದವಿ ಕೊಡಲಿಲ್ಲ. 1902ರಲ್ಲಿ ಹಾರ್ವರ್ಡಿನ ಬದಲು ರ‍್ಯಾಡ್‌ಕ್ಲಿಫ್ ಮಹಿಳಾ ಕಾಲೇಜಿನ ಹೆಸರಿನಲ್ಲಿ ಪದವಿ ಕೊಡುವುದಾಗಿ ಹೇಳಿದಾಗ ಅದನ್ನು ಆಕೆ ನಿರಾಕರಿಸಿದರು. 1905ರಲ್ಲಿ ಅಮೆರಿಕದ ಮನಶ್ಶಾಸ್ತ್ರ ಸಂಘಕ್ಕೆ ಆಕೆಯೇ ಮೊದಲ ಮಹಿಳಾ ಅಧ್ಯಕ್ಷೆಯಾದರು. ಈ ವಿಷಯವನ್ನು ಆರಿಸಿಕೊಂಡ ವಿದ್ಯಾರ್ಥಿ ಸ್ಮೃತಿಯ ಪ್ರಯೋಗಗಳನ್ನು ಓದುವುದರ ಜೊತೆಗೆ, ಶಾಸ್ತ್ರವೊಂದು ಯಾರನ್ನು ಒಳಗೆ ಬಿಡುತ್ತದೆ, ಯಾರನ್ನು ಹೊರಗೆ ನಿಲ್ಲಿಸುತ್ತದೆ ಎಂಬ ಪ್ರಶ್ನೆಯನ್ನೂ ಎದುರಿಸಬೇಕಾಗುತ್ತದೆ.

ಎರಡನೆಯದು 'ಪುಟ್ಟ ಆಲ್ಬರ್ಟ್' ಪ್ರಯೋಗ. ಜಾನ್ ವಾಟ್ಸನ್ ಮತ್ತು ರೊಸಾಲಿ ರೇನರ್ 1920ರಲ್ಲಿ ಪ್ರಕಟಿಸಿದ ಈ ಅಧ್ಯಯನದಲ್ಲಿ ಒಂದು ಹಸುಗೂಸಿಗೆ ಬಿಳಿ ಇಲಿಯನ್ನು ತೋರಿಸಿ, ಬೆನ್ನ ಹಿಂದೆ ಕಬ್ಬಿಣದ ಸರಳನ್ನು ಬಡಿದು ಸದ್ದುಮಾಡಿ ಭಯವನ್ನು ಕಲಿಸಲಾಯಿತು. ಪಠ್ಯಪುಸ್ತಕಗಳಲ್ಲಿ ಈ ಕತೆ ಪುಸ್ತಕದಿಂದ ಪುಸ್ತಕಕ್ಕೆ ಬಣ್ಣ ಬದಲಿಸುತ್ತ ಬಂದಿದೆ. ಮಗುವಿನ ಭಯವನ್ನು ಕೊನೆಗೆ ನಿವಾರಿಸಲಾಯಿತೆಂದು ಬರೆದವರೂ ಇದ್ದಾರೆ. ಮೂಲ ಲೇಖನದಲ್ಲಿ ಅಂತಹ ಮಾತಿಲ್ಲ. ಈ ತಪ್ಪುಗಳ ಜಾಡನ್ನು 1979ರಲ್ಲಿ ಬೆನ್ ಹ್ಯಾರಿಸ್ ಹಿಡಿದು ತೋರಿಸಿದರು. ಆ ಮಗು ಯಾರೆಂಬುದರ ಬಗೆಗೂ 2009ರಲ್ಲಿ ಒಂದು ಸಂಶೋಧಕ ತಂಡ ಒಂದು ಗುರುತನ್ನು, 2014ರಲ್ಲಿ ಇನ್ನೊಂದು ತಂಡ ಬೇರೊಂದು ಗುರುತನ್ನು ಮುಂದಿಟ್ಟಿವೆ. ವಿಶ್ವಕೋಶಕ್ಕೆ ಬರೆಯುವ ವಿದ್ಯಾರ್ಥಿ ಇವರಲ್ಲಿ ಯಾರು ಸರಿ ಎಂದು ತೀರ್ಪು ಕೊಡುವಂತಿಲ್ಲ. ಎರಡೂ ವಾದಗಳನ್ನು ಆಧಾರಸಹಿತ ಮುಂದಿಡಬೇಕು. ಪಠ್ಯಪುಸ್ತಕದಲ್ಲಿ ಅಚ್ಚಾದುದೆಲ್ಲ ನಿಜವಲ್ಲ, ಮೂಲಕ್ಕೆ ಹೋಗಬೇಕು ಎಂಬ ಪಾಠ ಇಲ್ಲಿ ಉಪದೇಶವಾಗಿ ಬರುವುದಿಲ್ಲ, ಅನುಭವವಾಗಿ ಬರುತ್ತದೆ. ಪಾಠಾಂತರಗಳನ್ನು ಎದುರಿಗಿಟ್ಟುಕೊಂಡು ಗ್ರಂಥಸಂಪಾದನೆ ಮಾಡುವ ಕನ್ನಡ ವಿದ್ವಾಂಸರಿಗೆ ಈ ಶಿಸ್ತು ಅಪರಿಚಿತವಲ್ಲ.

4

ಹಾರ್ವರ್ಡ್ ಮತ್ತು ಲೈಪ್‌ಜಿಗ್‌ಗಳ ಕತೆಗೂ ಕರ್ನಾಟಕಕ್ಕೂ ಏನು ಸಂಬಂಧ ಎಂಬ ಪ್ರಶ್ನೆ ಇಲ್ಲಿ ಏಳಬಹುದು. ಸಂಬಂಧವಿದೆ, ಅದು ನೇರವಾಗಿಯೇ ಇದೆ. ವಿಲ್ಹೆಲ್ಮ್ ವುಂಟ್ 1879ರಲ್ಲಿ ಲೈಪ್‌ಜಿಗ್‌ನಲ್ಲಿ ಆರಂಭಿಸಿದ ಪ್ರಯೋಗಾಲಯವನ್ನು ಆಧುನಿಕ ಮನಶ್ಶಾಸ್ತ್ರದ ತವರೆಂದು ಹೇಳುವುದು ವಾಡಿಕೆ. ಕಾಲ್ಕಿನ್ಸ್ ಅವರಿಗೆ ಮಾರ್ಗದರ್ಶಕರಾಗಿದ್ದ ಮ್ಯೂನ್‌ಸ್ಟರ್‌ಬರ್ಗ್ ವುಂಟರ ಶಿಷ್ಯರು. ಅದೇ ಮ್ಯೂನ್‌ಸ್ಟರ್‌ಬರ್ಗರ ಬಳಿ ಹಾರ್ವರ್ಡಿನಲ್ಲಿ ಕಲಿತು ಬಂದ ನರೇಂದ್ರನಾಥ ಸೇನ್‌ಗುಪ್ತ ಅವರಿಗೆ ಕಲ್ಕತ್ತಾ ವಿಶ್ವವಿದ್ಯಾನಿಲಯದಲ್ಲಿ 1916ರಲ್ಲಿ ಆರಂಭವಾದ ಪ್ರಾಯೋಗಿಕ ಮನಶ್ಶಾಸ್ತ್ರ ವಿಭಾಗದ ಹೊಣೆ ಬಂದಿತು. ವುಂಟರ ಇನ್ನೊಬ್ಬ ಶಿಷ್ಯ ಚಾರ್ಲ್ಸ್ ಸ್ಪಿಯರ್‌ಮನ್, ಸೇನೆಯ ಕೆಲಸ ಬಿಟ್ಟು ಲೈಪ್‌ಜಿಗ್‌ಗೆ ಹೋಗಿ 1906ರಲ್ಲಿ ಡಾಕ್ಟರೇಟ್ ಪಡೆದವರು. ಬಳಿಕ ಲಂಡನ್ನಿನಲ್ಲಿ ನೆಲೆಸಿ ಬುದ್ಧಿಶಕ್ತಿಯ ಮಾಪನಕ್ಕೆ ಹೆಸರಾದರು. ಅವರ ಬಳಿ ತರಬೇತಿ ಪಡೆದವರು ಎಂ.ವಿ. ಗೋಪಾಲಸ್ವಾಮಿ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲಿ ಮನಶ್ಶಾಸ್ತ್ರ ವಿಭಾಗ ತೆರೆದಾಗ ಅದನ್ನು ಕಟ್ಟಿದವರು ಇವರೇ. ಭಾರತದ ಮೊದಲ ಎರಡು ಮನಶ್ಶಾಸ್ತ್ರ ವಿಭಾಗಗಳು ಹೀಗೆ ಲೈಪ್‌ಜಿಗ್‌ನಿಂದ ಎರಡು ತಲೆಮಾರಿನಷ್ಟೇ ದೂರದಲ್ಲಿದ್ದವು.

ಈ ಎರಡು ಊರುಗಳನ್ನು ಬೆಸೆದ ಇನ್ನೊಬ್ಬರು ಬ್ರಜೇಂದ್ರನಾಥ ಸೀಲ್. ಕಲ್ಕತ್ತಾ ವಿಶ್ವವಿದ್ಯಾನಿಲಯಕ್ಕಾಗಿ 1905ರಲ್ಲಿ ಪ್ರಾಯೋಗಿಕ ಮನಶ್ಶಾಸ್ತ್ರದ ಪಠ್ಯಕ್ರಮವನ್ನು ಸಿದ್ಧಪಡಿಸಿದ ಈ ದಾರ್ಶನಿಕರು 1920ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದರು. ಮೈಸೂರಿನ ವಿಭಾಗ ಆರಂಭವಾದದ್ದು ಅವರ ಕಾಲದಲ್ಲಿಯೇ. ಗೋಪಾಲಸ್ವಾಮಿಯವರ ಆಸಕ್ತಿಗಳೋ ಪ್ರಯೋಗಾಲಯದ ಗೋಡೆಗಳೊಳಗೆ ನಿಲ್ಲಲಿಲ್ಲ. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ಅವರು ಖಾಸಗಿ ಬಾನುಲಿ ಕೇಂದ್ರವೊಂದನ್ನು ನಡೆಸತೊಡಗಿದರು. ಅದರ ಹೆಸರು 'ಆಕಾಶವಾಣಿ'. ಆ ಹೆಸರನ್ನು ಸೂಚಿಸಿದವರು ಯಾರೆಂಬುದರಲ್ಲಿ ಒಮ್ಮತವಿಲ್ಲ, ನಾ. ಕಸ್ತೂರಿಯವರಿಗೆ ಶ್ರೇಯಸ್ಸು ಕೊಡುವವರುಂಟು, ಗೋಪಾಲಸ್ವಾಮಿಯವರಿಗೇ ಕೊಡುವವರೂ ಉಂಟು. ಪುಟ್ಟ ಆಲ್ಬರ್ಟ್ ಯಾರೆಂಬ ಪ್ರಶ್ನೆಯಷ್ಟೇ ಒಳ್ಳೆಯ ಪ್ರಶ್ನೆಯಿದು. ಇದರ ಆಕರಗಳು ಮೈಸೂರಿನ ವಿದ್ಯಾರ್ಥಿಗೆ ನಡೆದುಹೋಗುವ ದೂರದಲ್ಲಿವೆ.

ಬೆಂಗಳೂರಿನ ಕತೆ ಇನ್ನೊಂದು. ಅಲ್ಲಿನ ಸರ್ಕಾರಿ ಮಾನಸಿಕ ಆಸ್ಪತ್ರೆಯ ಆವರಣದಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. 1974ರಲ್ಲಿ ಆಸ್ಪತ್ರೆ ಮತ್ತು ಸಂಸ್ಥೆ ಎರಡೂ ಒಂದಾಗಿ ನಿಮ್ಹಾನ್ಸ್ ಆಯಿತು. ಅಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಸ್.ಕೆ. ರಾಮಚಂದ್ರರಾವ್ ಅವರನ್ನು ಕನ್ನಡಿಗರು ಮೂರ್ತಿಶಿಲ್ಪ, ಆಗಮ, ವೇದಗಳ ವಿದ್ವಾಂಸರೆಂದು ಅರಿತಿದ್ದಾರೆ; ಅವರ ವೃತ್ತಿಯ ಶಾಸ್ತ್ರ ಯಾವುದೆಂಬುದು ಅನೇಕರಿಗೆ ಗೊತ್ತಿಲ್ಲ. 'ರಾಶಿ' ಎಂದೇ ಪ್ರಸಿದ್ಧರಾದ ಡಾ. ಎಂ. ಶಿವರಾಂ 'ಕೊರವಂಜಿ'ಯ ಹಾಸ್ಯಗಾರರಾಗಿ ನೆನಪಿನಲ್ಲಿದ್ದಾರೆ. ಆದರೆ 1976ರಲ್ಲಿ ಅವರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಮನಸ್ಸಿನ ವ್ಯಾಪಾರಗಳನ್ನು ಕುರಿತ 'ಮನಮಂಥನ' ಕೃತಿಗೆ. ಮನಶ್ಶಾಸ್ತ್ರದ ಪುಸ್ತಕವೊಂದು ಸಾಹಿತ್ಯದ ಪ್ರಶಸ್ತಿ ಪಡೆದದ್ದು ಕನ್ನಡದ ಮಟ್ಟಿಗೆ ಚರ್ಚಿಸಬೇಕಾದ ಸಂಗತಿ. ಕನ್ನಡ ಸಾಹಿತ್ಯಚರಿತ್ರೆಗಳು ಅದರ ಮುಂದೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ.

5

ಹೀಗಿದ್ದೂ ಇಂತಹ ವಿಷಯವನ್ನು ಆರಿಸಿಕೊಳ್ಳುವ ವಿದ್ಯಾರ್ಥಿ ಬಹುಬೇಗ ಗೋಡೆಯೊಂದಕ್ಕೆ ಎದುರಾಗುತ್ತಾನೆ. ಕಾಲ್ಕಿನ್ಸ್ ಕುರಿತು ಬರೆಯಲು ಹೊರಟರೆ ಜೀವನಚರಿತ್ರೆ, ಸಂಶೋಧನಾ ಲೇಖನ, ಆಕೆಯೇ ಬರೆದ ಆತ್ಮಕಥನ ಎಲ್ಲವೂ ಸಿಗುತ್ತವೆ. ಮೈಸೂರಿನ ವಿಭಾಗದ ಕುರಿತು ಬರೆಯಲು ಹೊರಟರೆ ಸಿಗುವುದು ಸ್ಮರಣ ಸಂಚಿಕೆಯ ಒಂದು ಪುಟ, ಅಭಿನಂದನ ಗ್ರಂಥದ ಒಂದು ನೆನಪು, ಪತ್ರಿಕೆಯೊಂದರ ಶ್ರದ್ಧಾಂಜಲಿ, ಹಳೆಯ ವಿದ್ಯಾರ್ಥಿಗಳ ಬಾಯಿಮಾತು. ವಿಶ್ವಕೋಶದ ನಿಯಮದ ತಕ್ಕಡಿಯಲ್ಲಿ ಇವು ಹಗುರವಾಗುತ್ತವೆ. ವಿದ್ಯಾರ್ಥಿ ಸ್ವತಃ ದಾಖಲೆಗಳನ್ನು ಹುಡುಕಿ ಹೊಸದೇನನ್ನಾದರೂ ಕಂಡುಹಿಡಿದರೂ ಅದನ್ನು ಅಲ್ಲಿ ಬರೆಯುವಂತಿಲ್ಲ. ಅದು ಸ್ವಂತ ಸಂಶೋಧನೆಯಾಗುತ್ತದೆ. ಕೊನೆಗೆ ಆತ ಮರಳಿ ಫ್ರಾಯ್ಡನ ಬಳಿಗೇ ಹೋಗುತ್ತಾನೆ.

ಈ ನಿಯಮವನ್ನು ಪಾಶ್ಚಾತ್ಯರ ಪಕ್ಷಪಾತವೆಂದು ದೂರುವುದುಂಟು. ಆ ದೂರಿನಲ್ಲಿ ಸತ್ಯಾಂಶವಿಲ್ಲದಿಲ್ಲ. ಅಚ್ಚಿನ ಪರಂಪರೆ ದಟ್ಟವಾಗಿರುವ ಸಮಾಜಗಳಿಗೆ ಈ ನಿಯಮ ಅನುಕೂಲವಾಗಿಯೂ, ಮೌಖಿಕ ಪರಂಪರೆಯ ಸಮಾಜಗಳಿಗೆ ಪ್ರತಿಕೂಲವಾಗಿಯೂ ಇದೆ. 2011ರಲ್ಲಿ ಮಲಯಾಳಂ, ಹಿಂದಿ ಮತ್ತು ದಕ್ಷಿಣ ಆಫ್ರಿಕಾದ ಸೆಪೆಡಿ ಭಾಷೆಗಳಲ್ಲಿ ಮೌಖಿಕ ಆಕರಗಳನ್ನು ಧ್ವನಿಮುದ್ರಿಸಿ ಉಲ್ಲೇಖವಾಗಿ ಬಳಸುವ ಪ್ರಯೋಗ ನಡೆದದ್ದು ಇದಕ್ಕೆ ಉತ್ತರವಾಗಿಯೇ. ಜಾನಪದ ಕ್ಷೇತ್ರಕಾರ್ಯದಲ್ಲಿ ದೀರ್ಘ ಅನುಭವವಿರುವ ಕನ್ನಡ ವಿಭಾಗಗಳು ಈ ಚರ್ಚೆಗೆ ಕೊಡಬಹುದಾದುದು ಬಹಳವಿದೆ. ಆದರೆ ಮೈಸೂರಿನ ಮನಶ್ಶಾಸ್ತ್ರ ವಿಭಾಗದ ಮಟ್ಟಿಗೆ ಈ ಸಮರ್ಥನೆ ನಿಲ್ಲುವುದಿಲ್ಲ. ಅದು ಮೌಖಿಕ ಸಮಾಜವಲ್ಲ. ಅಚ್ಚುಕೂಟ, ಗ್ರಂಥಾಲಯ, ಪತ್ರಿಕೆಗಳಿದ್ದ ವಿಶ್ವವಿದ್ಯಾನಿಲಯ. 1918ರಲ್ಲಿಯೇ ಬೆಂಗಳೂರಿನಿಂದ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ 'ವಿಜ್ಞಾನ' ಪತ್ರಿಕೆಯನ್ನು ಹೊರಡಿಸಿದ್ದರು. 1919ರಿಂದ 'ಪ್ರಬುದ್ಧ ಕರ್ಣಾಟಕ' ಬರುತ್ತಿತ್ತು. ಮೈಸೂರು ವಿಶ್ವವಿದ್ಯಾನಿಲಯದ ಪ್ರಚಾರೋಪನ್ಯಾಸ ಮಾಲೆಯಲ್ಲಿ ಶಾಸ್ತ್ರವಿಷಯಗಳು ಕಿರುಪುಸ್ತಕಗಳಾಗಿ ಕನ್ನಡಕ್ಕೆ ಬಂದವು. ಆಕರಗಳಿರುವಾಗಲೂ ಅವನ್ನು ಕೂಡಿಸಿ, ಕಾಲಾನುಕ್ರಮದಲ್ಲಿಟ್ಟು, ವಿಮರ್ಶಿಸಿ, ಉಲ್ಲೇಖಯೋಗ್ಯವಾದ ಚರಿತ್ರೆಯನ್ನು ಬರೆಯುವ ಕೆಲಸ ಸಾಕಷ್ಟು ನಡೆದಿಲ್ಲ. ಕನ್ನಡದ ಸಂಶೋಧನೆ ಶಾಸನ, ಹಸ್ತಪ್ರತಿ, ವಚನ, ಕಾವ್ಯಗಳಿಗೆ ಕೊಟ್ಟ ಶ್ರದ್ಧೆಯ ಒಂದು ಪಾಲನ್ನೂ ಕನ್ನಡದಲ್ಲಿ ಆಧುನಿಕ ಶಾಸ್ತ್ರಗಳು ಬೆಳೆದ ಬಗೆಗೆ ಕೊಟ್ಟಿಲ್ಲ.

ವಿದ್ಯಾರ್ಥಿಯ ಆಯ್ಕೆ ಹೊರಗೆಡಹುವುದು ಈ ಕೊರತೆಯನ್ನು. ವಿಶ್ವಕೋಶ ಸಂಶೋಧನೆಯ ಕೊನೆಯ ಮೆಟ್ಟಿಲು. ಅದರ ಕೆಳಗಿನ ಮೆಟ್ಟಿಲುಗಳನ್ನು ಕಟ್ಟಬೇಕಾದವರು ವಿಶ್ವವಿದ್ಯಾನಿಲಯಗಳ ಸಂಶೋಧಕರು. 'ಆಕರವಿಲ್ಲದ ಕಾರಣ ಈ ವಿಷಯ ಬಿಟ್ಟೆ' ಎಂದು ವಿದ್ಯಾರ್ಥಿ ಬರೆದುಕೊಟ್ಟರೆ ಅದನ್ನು ಆತನ ಸೋಲೆಂದು ಎಣಿಸಬಾರದು. ಅದು ವಿಭಾಗಕ್ಕೆ ದೊರೆತ ಸಂಶೋಧನಾ ಸೂಚನೆ. ಪ್ರತಿವರ್ಷ ಹೀಗೆ ಕೈಬಿಟ್ಟ ವಿಷಯಗಳನ್ನು ಪಟ್ಟಿಮಾಡಿದರೆ ಪಿಎಚ್.ಡಿ. ಪ್ರಬಂಧಗಳಿಗೂ ವಿಭಾಗಗಳ ಸಂಶೋಧನಾ ಪತ್ರಿಕೆಗಳಿಗೂ ಹೊಸ ವಿಷಯಗಳ ಬರ ಇರುವುದಿಲ್ಲ.

6

ಕನ್ನಡ ಸಾಹಿತ್ಯದ ವಿದ್ಯಾರ್ಥಿಗೆ ಈ ಕ್ಷೇತ್ರಕ್ಕೆ ತನ್ನದೇ ಆದ ಬಾಗಿಲೊಂದಿದೆ, ಅದು ಪರಿಭಾಷೆ. ನವ್ಯ ಕಾದಂಬರಿಯ ಪಾಠದಲ್ಲಿ 'ಪ್ರಜ್ಞಾಪ್ರವಾಹ ತಂತ್ರ' ಎಂಬ ಮಾತನ್ನು ಕೇಳದ ಸ್ನಾತಕೋತ್ತರ ವಿದ್ಯಾರ್ಥಿಯಿಲ್ಲ. ಅದನ್ನು ಬಹುಮಂದಿ ಸಾಹಿತ್ಯವಿಮರ್ಶೆಯ ಪದವೆಂದೇ ತಿಳಿದಿದ್ದಾರೆ. ಕಾಲ್ಕಿನ್ಸ್ ಅವರಿಗೆ ಪಾಠ ಹೇಳಿದ ವಿಲಿಯಂ ಜೇಮ್ಸ್, ಅದೇ 1890ರಲ್ಲಿ ಪ್ರಕಟಿಸಿದ ತಮ್ಮ ಮನಶ್ಶಾಸ್ತ್ರದ ಗ್ರಂಥದಲ್ಲಿ ಆ ಪರಿಕಲ್ಪನೆಗೆ ರೂಪಕೊಟ್ಟಿದ್ದರು. 1918ರಲ್ಲಿ ಮೇ ಸಿಂಕ್ಲೇರ್ ಅದನ್ನು ಡೊರೊತಿ ರಿಚರ್ಡ್‌ಸನ್ ಅವರ ಕಾದಂಬರಿಗಳ ವಿಮರ್ಶೆಗೆ ಬಳಸಿದ ಮೇಲೆ ಅದು ಸಾಹಿತ್ಯದ ಮಾತಾಯಿತು; ಅಲ್ಲಿಂದ ಕನ್ನಡಕ್ಕೂ ಬಂದಿತು. ಸುಪ್ತಪ್ರಜ್ಞೆ, ಅಚೇತನ, ದಮನ ಮುಂತಾದ ಪದಗಳೂ ಇಂತಹ ದಾರಿಗಳನ್ನು ಸವೆಸಿವೆ. ಇವುಗಳಲ್ಲಿ ಒಂದೊಂದೂ ಒಂದು ವಿಶ್ವಕೋಶ ಲೇಖನಕ್ಕೆ ಯೋಗ್ಯವಾದ ವಿಷಯ. ಆಕರಗಳು ಶಾಸ್ತ್ರದ ಕಡೆಯಿಂದಲೂ ಸಾಹಿತ್ಯದ ಕಡೆಯಿಂದಲೂ ದೊರೆಯುತ್ತವೆ.

ಫ್ರಾಯ್ಡನನ್ನೇ ಬರೆಯಬೇಕೆಂಬ ವಿದ್ಯಾರ್ಥಿಯನ್ನೂ ಈ ಬಾಗಿಲಿನಿಂದ ಬೇರೆಡೆಗೆ ಒಯ್ಯಬಹುದು. ಕಲ್ಕತ್ತೆಯ ವೈದ್ಯ ಗಿರೀಂದ್ರಶೇಖರ ಬೋಸ್ ದಮನದ ಕುರಿತು ತಾವು ಬರೆದ ಪುಸ್ತಕವನ್ನು ಫ್ರಾಯ್ಡ್‌ಗೆ ಕಳುಹಿಸಿ, ವರ್ಷಗಳ ಕಾಲ ಪತ್ರವ್ಯವಹಾರ ನಡೆಸಿ, 1922ರಲ್ಲಿ ಭಾರತೀಯ ಮನೋವಿಶ್ಲೇಷಣ ಸಂಘವನ್ನು ಸ್ಥಾಪಿಸಿದರು. ಫ್ರಾಯ್ಡನ ಎಲ್ಲ ಮಾತುಗಳನ್ನೂ ಅವರು ಒಪ್ಪಲಿಲ್ಲ. ಕನ್ನಡದ ನವ್ಯ ವಿಮರ್ಶೆಗೆ ಫ್ರಾಯ್ಡ್ ಇಂಗ್ಲಿಷ್ ವಿಮರ್ಶೆಯ ಮೂಲಕ ಬಂದನೇ ಹೊರತು ಬೋಸರ ಮೂಲಕ ಬರಲಿಲ್ಲವೇಕೆ ಎಂಬ ಪ್ರಶ್ನೆಯನ್ನು ವಿಶ್ವಕೋಶದ ಲೇಖನ ಎತ್ತಲಾರದು. ಆದರೆ ಆ ಲೇಖನಕ್ಕಾಗಿ ಓದಿದ ವಿದ್ಯಾರ್ಥಿ ಮುಂದೆ ಎತ್ತಬಲ್ಲ.

ಶೀರ್ಷಿಕೆಯ ಆಯ್ಕೆಯಲ್ಲೂ ಭಾಷೆಯ ಪ್ರಶ್ನೆಯಿದೆ. ಮನಶ್ಶಾಸ್ತ್ರ, ಮನಃಶಾಸ್ತ್ರ, ಮನೋವಿಜ್ಞಾನ ಎಂಬ ಮೂರು ರೂಪಗಳೂ ಕನ್ನಡದಲ್ಲಿ ಬಳಕೆಯಲ್ಲಿವೆ. ಮೊದಲೆರಡು ಸಂಧಿಯ ವಿಕಲ್ಪಗಳು; ಮೂರನೆಯದು 'ಶಾಸ್ತ್ರ'ದ ಜಾಗಕ್ಕೆ 'ವಿಜ್ಞಾನ'ವನ್ನು ತಂದು ಜ್ಞಾನದ ಸ್ವರೂಪದ ಬಗೆಗೇ ಒಂದು ನಿಲುವು ತಳೆಯುತ್ತದೆ. ವಿಶ್ವಕೋಶದಲ್ಲಿ ಒಂದನ್ನು ಶೀರ್ಷಿಕೆಯಾಗಿಸಿ ಉಳಿದವನ್ನು ಅದರತ್ತ ತಿರುಗಿಸಬೇಕು. ಯಾವುದನ್ನು ಆರಿಸಬೇಕು, ಏಕೆ ಎಂದು ತರಗತಿಯಲ್ಲಿ ಅರ್ಧ ಗಂಟೆ ಚರ್ಚಿಸಿದರೆ, ಪಾರಿಭಾಷಿಕ ಪದಗಳ ಕುರಿತ ಎಷ್ಟೋ ಉಪನ್ಯಾಸಗಳು ಮಾಡಲಾಗದ ಕೆಲಸವಾಗುತ್ತದೆ.

7

ಈ ಪದ್ಧತಿಗೆ ಆಕ್ಷೇಪಗಳಿವೆ. ವಿಕಿಪೀಡಿಯವನ್ನು ಆಕರವಾಗಿ ಉಲ್ಲೇಖಿಸಬೇಡಿ ಎಂದು ಹೇಳುವ ಅಧ್ಯಾಪಕರೇ ಅದಕ್ಕೆ ಬರೆಯಿರಿ ಎನ್ನುವುದು ವಿರೋಧಾಭಾಸವೆಂಬುದು ಒಂದು. ವಾಸ್ತವವಾಗಿ ಇವೆರಡೂ ಒಂದಕ್ಕೊಂದು ಪೂರಕ. ಲೇಖನವೊಂದು ಹೇಗೆ ತಯಾರಾಗುತ್ತದೆಂದು ಕೈಯಾರೆ ಅರಿತವನೇ ಅದನ್ನು ಎಷ್ಟು ನಂಬಬೇಕೆಂದು ಬಲ್ಲ. ವಿದ್ಯಾರ್ಥಿಯ ಅಪಕ್ವ ಬರಹ ಸಾರ್ವಜನಿಕರ ಕಣ್ಣಿಗೆ ಬೀಳುವುದು ಸರಿಯೇ ಎಂಬುದು ಇನ್ನೊಂದು ಆಕ್ಷೇಪ, ಇದು ತೂಕವುಳ್ಳದ್ದು. ಕರಡನ್ನು ಪ್ರಯೋಗಪುಟದಲ್ಲಿ ಬರೆಸಿ, ಅಧ್ಯಾಪಕರು ನೋಡಿದ ಮೇಲೆಯೇ ಪ್ರಕಟಿಸುವುದು ಇದಕ್ಕೆ ಪರಿಹಾರ. ಕನ್ನಡ ವಿಕಿಪೀಡಿಯ ಚಿಕ್ಕದು. 2020ರಲ್ಲಿಯೇ 60 ಲಕ್ಷ ಲೇಖನಗಳನ್ನು ದಾಟಿದ ಇಂಗ್ಲಿಷಿಗೆ ಹೋಲಿಸಿದರೆ ಕನ್ನಡದ ಲೇಖನಗಳ ಸಂಖ್ಯೆ ಸಾವಿರಗಳಲ್ಲಿದೆ. ಅಂತಹ ಕಡೆ ಒಂದು ಕೆಟ್ಟ ಲೇಖನ ಮಾಡುವ ಹಾನಿಯೂ ಒಂದು ಒಳ್ಳೆಯ ಲೇಖನ ಮಾಡುವ ಉಪಕಾರವೂ ಹೆಚ್ಚು. ಗೂಗಲ್ ಸಂಸ್ಥೆ ಹಿಂದೆ ಅನುವಾದಕರಿಂದ ಹಲವು ಭಾರತೀಯ ಭಾಷೆಗಳ ವಿಕಿಪೀಡಿಯಗಳಿಗೆ ರಾಶಿರಾಶಿಯಾಗಿ ಲೇಖನಗಳನ್ನು ಸೇರಿಸಿದಾಗ, ಓದಲಾಗದ ವಾಕ್ಯಗಳನ್ನು ತಿದ್ದುವ ಕಷ್ಟ ಕನ್ನಡದ ಸ್ವಯಂಸೇವಕರ ಪಾಲಿಗೂ ಬಂದಿತ್ತು. ಇಂದು ಯಂತ್ರವೇ ಕ್ಷಣಮಾತ್ರದಲ್ಲಿ ಕನ್ನಡ ಪುಟಗಳನ್ನು ಬರೆದುಕೊಡುತ್ತದೆ. ಫ್ರಾಯ್ಡನ ಕುರಿತ ಸಾಮಾನ್ಯ ಲೇಖನವನ್ನು ಅದು ಬರೆದೀತು. ಗ್ರಂಥಾಲಯದ ಹಳೆಯ ಸಂಚಿಕೆಯನ್ನು ತೆರೆದು ನೋಡಲೇಬೇಕಾದ ವಿಷಯದಲ್ಲಿ ವಿದ್ಯಾರ್ಥಿಯ ಕಾಲಿಗೂ ಕಣ್ಣಿಗೂ ಬದಲಿಯಿಲ್ಲ. ಸರಿಯಾದ ಆಯ್ಕೆಯೇ ನಕಲಿಗೆ ಮೊದಲ ತಡೆ.

ಕರ್ನಾಟಕದಲ್ಲಿ ಈ ಕೆಲಸ ಹೊಸದಾಗಿ ಆರಂಭವಾಗಬೇಕಾಗಿಲ್ಲ. ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾನಿಲಯದ ಭಾಷಾ ತರಗತಿಗಳ ವಿದ್ಯಾರ್ಥಿಗಳು 2013ರ ಆಸುಪಾಸಿನಿಂದ ಕನ್ನಡ ವಿಕಿ ಯೋಜನೆಗಳಿಗೆ ದುಡಿದಿದ್ದಾರೆ. ಕರಾವಳಿಯ ಕಾಲೇಜುಗಳಲ್ಲಿಯೂ ವಿದ್ಯಾರ್ಥಿ ಬಳಗಗಳು ರೂಪುಗೊಂಡಿವೆ. ಮೈಸೂರು ವಿಶ್ವವಿದ್ಯಾನಿಲಯವು 2014ರಲ್ಲಿ ತನ್ನ ಕನ್ನಡ ವಿಶ್ವಕೋಶವನ್ನು ಮುಕ್ತ ಪರವಾನಗಿಯಡಿ ಬಿಡುಗಡೆ ಮಾಡಿತು. ಉಲ್ಲೇಖಕ್ಕೂ ಮರುಬಳಕೆಗೂ ದೊರೆಯುವ ದೊಡ್ಡ ಕನ್ನಡ ಆಕರವಿದು. ಇವುಗಳ ಜೊತೆಗೆ ಬೇಕಾಗಿರುವುದು ಆಯ್ಕೆಯ ಹಂತಕ್ಕೊಂದು ಶಿಸ್ತು. ಆಯ್ಕೆಗೆಂದೇ ಎರಡು ವಾರಗಳ ಅವಧಿ ಇರಲಿ. ಆ ಅವಧಿ ಗ್ರಂಥಾಲಯದಲ್ಲಿ ಕಳೆಯಲಿ. ವಿದ್ಯಾರ್ಥಿ ಒಂದು ಪುಟದ ಟಿಪ್ಪಣಿ ಬರೆಯಲಿ. ಈ ವಿಷಯವೇ ಏಕೆ, ಇದರ ಬಗೆಗೆ ಈಗಾಗಲೇ ಏನಿದೆ, ಪರಸ್ಪರ ಸಂಬಂಧವಿಲ್ಲದ ಕನಿಷ್ಠ ಮೂರು ಪ್ರಕಟಿತ ಆಕರಗಳು ಯಾವುವು, ಯಾವ ವಿಷಯಗಳನ್ನು ನೋಡಿ ಬಿಡಲಾಯಿತು, ಏಕೆ ಎಂಬಿಷ್ಟು ಅದರಲ್ಲಿ ಇದ್ದರೆ ಸಾಕು. ಒಟ್ಟು ಅಂಕಗಳಲ್ಲಿ ಮೂರನೆಯ ಒಂದು ಭಾಗ ಈ ಟಿಪ್ಪಣಿಗೆ ಸಲ್ಲಲಿ. ಸಾಧ್ಯವಿರುವ ಕಡೆ ಮನಶ್ಶಾಸ್ತ್ರದ ವಿದ್ಯಾರ್ಥಿಯನ್ನೂ ಕನ್ನಡದ ವಿದ್ಯಾರ್ಥಿಯನ್ನೂ ಒಂದೇ ಗುಂಪಿನಲ್ಲಿ ಸೇರಿಸಲಿ; ಒಬ್ಬರಿಗೆ ಶಾಸ್ತ್ರ ಗೊತ್ತು, ಇನ್ನೊಬ್ಬರಿಗೆ ಅದನ್ನು ಹೇಳುವ ಭಾಷೆ ಗೊತ್ತು. ಕೈಬಿಟ್ಟ ವಿಷಯಗಳ ಪಟ್ಟಿ ವಿಭಾಗದಲ್ಲಿ ಉಳಿಯಲಿ.

ಗೋಪಾಲಸ್ವಾಮಿಯವರು ಕಟ್ಟಿದ ವಿಭಾಗಕ್ಕೆ 2024ಕ್ಕೆ ನೂರು ವರ್ಷ ತುಂಬಿತು. ಅದರ ಚರಿತ್ರೆಯನ್ನು ಬರೆಯಲು ಆರಿಸಿಕೊಳ್ಳುವ ವಿದ್ಯಾರ್ಥಿಗೆ ಉಲ್ಲೇಖಿಸಲು ನಾಲ್ಕು ಒಳ್ಳೆಯ ಕನ್ನಡ ಲೇಖನಗಳು ಸಿಗುವಂತಾಗಬೇಕು. ಅವುಗಳನ್ನು ಬರೆಯಬೇಕಾದ ಜವಾಬ್ದಾರಿ ವಿದ್ಯಾರ್ಥಿಯದಲ್ಲ; ಆತನಿಗೆ ಪಾಠ ಹೇಳುವವರದು.